ಕುಲುಮೆಗೆ ರಜೆಯಿಲ್ಲ: ಬಹುರಾಷ್ಟ್ರೀಯ ಉಕ್ಕು-ಗಣಿ ಕಂಪನಿ ನಡೆಯುವ ಬಗೆ

(ಉಪನ್ಯಾಸದ ಬರಹ ರೂಪ)

ಅದಿರನ್ನು ಕರಗಿಸಿ ಕಬ್ಬಿಣ ಮಾಡುವ ದೊಡ್ಡ ಕುಲುಮೆ, ಅಂದರೆ ಬ್ಲಾಸ್ಟ್ ಫರ್ನೇಸ್‌ಗೆ ಸ್ವಿಚ್ ಇರುವುದಿಲ್ಲ. ಒಮ್ಮೆ ಹೊತ್ತಿಸಿದರೆ 15 ವರ್ಷ, ಜೋಪಾನವಾಗಿ ನೋಡಿಕೊಂಡರೆ 20 ವರ್ಷ, ಅದು ಹಗಲೂ ರಾತ್ರಿ ಉರಿಯಬೇಕು. ದುರಸ್ತಿಗೆಂದು ಆಗಾಗ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಗಾಳಿ ನಿಲ್ಲಿಸುವುದುಂಟು. ಅದಕ್ಕಿಂತ ಹೆಚ್ಚು ನಿಲ್ಲಿಸಬೇಕೆಂದರೆ ವಾರಗಟ್ಟಲೆ ಮೊದಲೇ ತಯಾರಿ ಬೇಕು. ಹಡಗು ತಡವಾಯಿತು, ಮಾರುಕಟ್ಟೆ ಬಿತ್ತು, ರೈಲು ಹಳಿ ಕೊಚ್ಚಿಹೋಯಿತು ಎಂಬ ಯಾವ ನೆಪವೂ ಅದರ ಮುಂದೆ ನಡೆಯುವುದಿಲ್ಲ.

ಬಹುರಾಷ್ಟ್ರೀಯ ಉಕ್ಕಿನ ಕಂಪನಿ ಹೇಗೆ ನಡೆಯುತ್ತದೆ ಎಂದು ಯಾರಾದರೂ ವಿವರಿಸಲು ಹೊರಟರೆ ಸಾಮಾನ್ಯವಾಗಿ ಷೇರು, ಸ್ವಾಧೀನ, ಮಾಲೀಕರ ಆಸ್ತಿಯಿಂದ ಶುರು ಮಾಡುತ್ತಾರೆ. ಇವತ್ತು ಕುಲುಮೆಯಿಂದ ಶುರು ಮಾಡೋಣ. ಕಂಪನಿ ಯಾಕೆ ಗಣಿ ಕೊಳ್ಳುತ್ತದೆ, ಯಾವ ಊರಿನ ಕಾರ್ಖಾನೆ ಉಳಿಸಿಕೊಂಡು ಯಾವುದನ್ನು ಮುಚ್ಚುತ್ತದೆ, ಒಂದು ವರ್ಷ ಅಪಾರ ಲಾಭ ಮಾಡಿ ಮತ್ತೊಂದು ವರ್ಷ ಅಷ್ಟೇ ದೊಡ್ಡ ನಷ್ಟ ತೋರಿಸುವುದೇಕೆ ಎಂಬುದೆಲ್ಲ ಕುಲುಮೆಯ ಹೊಟ್ಟೆಯನ್ನು ನೋಡಿದರೆ ಬೇಗ ಅರ್ಥವಾಗುತ್ತದೆ. ಉದಾಹರಣೆಗೆ ಹೆಚ್ಚಾಗಿ ಆರ್ಸೆಲರ್ ಮಿತ್ತಲ್ ಕಂಪನಿಯನ್ನೇ ಇಟ್ಟುಕೊಳ್ಳುತ್ತೇವೆ. ಕೇಂದ್ರ ಕಚೇರಿ ಲಕ್ಸೆಂಬರ್ಗ್‌ನಲ್ಲಿ. 2024ರಲ್ಲಿ ಸುಮಾರು 5.8 ಕೋಟಿ ಟನ್ ಕಚ್ಚಾ ಉಕ್ಕು ಮಾಡಿತು, ಸುಮಾರು 4.2 ಕೋಟಿ ಟನ್ ಅದಿರು ತೆಗೆಯಿತು.

ಕುಲುಮೆಯ ಊಟ

ದಿನಕ್ಕೆ 10,000 ಟನ್ ದ್ರವ ಕಬ್ಬಿಣ ಕೊಡುವ ಒಂದು ದೊಡ್ಡ ಕುಲುಮೆ ತೆಗೆದುಕೊಳ್ಳಿ. ಒಂದು ಟನ್ ಕಬ್ಬಿಣಕ್ಕೆ ಹೆಚ್ಚು ಕಡಿಮೆ 1.6 ಟನ್ ಅದಿರು ಬೇಕು. ಅದರಲ್ಲಿ ಸಿಂಟರ್ (ಪುಡಿ ಅದಿರನ್ನು ಕಾಯಿಸಿ ಅಂಟಿಸಿದ ಗಡ್ಡೆ), ಪೆಲೆಟ್ (ಪುಡಿಯನ್ನು ಉಂಡೆ ಕಟ್ಟಿ ಸುಟ್ಟದ್ದು), ಗಟ್ಟಿ ಅದಿರು ಮೂರೂ ಸೇರಿರುತ್ತವೆ. 300ರಿಂದ 350 ಕೆಜಿ ಕೋಕ್ (ಗಾಳಿ ತಾಗದಂತೆ ಬೇಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು) ಮೇಲಿನಿಂದ ಬೀಳಬೇಕು. 150ರಿಂದ 200 ಕೆಜಿ ಕಲ್ಲಿದ್ದಲ ಪುಡಿಯನ್ನು ಕೆಳಗಿನ ಊದುಮೂತಿಗಳಿಂದ ನುಗ್ಗಿಸಬೇಕು. ಜೊತೆಗೆ ಸುಮಾರು 1,000 ಘನ ಮೀಟರ್ ಗಾಳಿ, ಅದೂ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ದು. ದಿನದ ಲೆಕ್ಕ ಹಾಕಿದರೆ 16,000 ಟನ್ ಅದಿರು, 3,300 ಟನ್ ಕೋಕ್, 1,700 ಟನ್ ಪುಡಿ. 1,70,000 ಟನ್ ಹೊರುವ ಕೇಪ್‌ಸೈಜ್ ಹಡಗು ರೇವಿಗೆ ಬಂದು ಪೂರ್ತಿ ಇಳಿಸಿತು ಅನ್ನಿ, ಆ ಕುಲುಮೆಗೆ ಅದು ಹತ್ತೂವರೆ ದಿನದ ಅದಿರು, ಅಷ್ಟೇ. ಕಾರ್ಖಾನೆಯಲ್ಲಿ ಅಂಥ ಎರಡು ಕುಲುಮೆ ಇದ್ದರೆ ಐದು ದಿನ ಚಿಲ್ಲರೆ.

ಕೋಕ್ ಎಂದರೆ ಉರುವಲು ಅಂತ ಬಹಳ ಜನ ತಿಳಿದಿರುತ್ತಾರೆ. ಉರುವಲು ಹೌದು, ಆಮ್ಲಜನಕವನ್ನು ಅದಿರಿನಿಂದ ಕಿತ್ತುಕೊಳ್ಳುವ ಅನಿಲ ಹುಟ್ಟುವುದೂ ಅದರಿಂದಲೇ. ಆದರೆ ಮೂರನೆಯ ಕೆಲಸವೊಂದಿದೆ, ಕುಲುಮೆಯವರಿಗೆ ಅದೇ ಹೆಚ್ಚಿನ ಚಿಂತೆ. ಕುಲುಮೆಯ ಕೆಳಭಾಗದಲ್ಲಿ ಅದಿರೆಲ್ಲ ಕರಗಿ ಹೋಗಿರುತ್ತದೆ. ಅಲ್ಲಿ ಗಟ್ಟಿಯಾಗಿ ಉಳಿದಿರುವುದು ಕೋಕ್ ಒಂದೇ. ಮೇಲಿನ ಸಾವಿರಾರು ಟನ್ ಭಾರ ಹೊತ್ತುಕೊಂಡು, ನಡುವೆ ಸಂದು ಬಿಟ್ಟು, ಆ ಸಂದಿನಲ್ಲಿ ಅನಿಲ ಮೇಲೆ ಹೋಗಲು, ಕಬ್ಬಿಣ ಕೆಳಗೆ ತೊಟ್ಟಿಕ್ಕಲು ದಾರಿ ಕೊಡುವುದು ಅದು. ಕೋಕ್ ದುರ್ಬಲವಾಗಿ ಪುಡಿಯಾದರೆ ಸಂದು ಮುಚ್ಚುತ್ತದೆ. ಅನಿಲದ ಒತ್ತಡ ಏರಿ, ಮೇಲಿನ ಹೊರೆ ಇಳಿಯದೆ ನೇತಾಡುತ್ತದೆ. ಗಾಳಿ ತಗ್ಗಿಸಿದಾಗ ಆ ಹೊರೆ ಒಮ್ಮೆಗೇ ಧಡಾರನೆ ಕುಸಿಯುತ್ತದೆ. ಕಾಯದ, ಇಳಿಯಲು ತಯಾರಿಲ್ಲದ ಅದಿರು ಬಿಸಿ ಜಾಗಕ್ಕೆ ಬಿದ್ದು ಕುಲುಮೆ ತಣ್ಣಗಾಗುತ್ತದೆ. ಹೀಗೆ ದಿನಕ್ಕೆ ಎರಡು ಮೂರು ಬಾರಿ ಆಗತೊಡಗಿದರೆ ಉತ್ಪಾದನೆಯ ಮಾತು ಬಿಟ್ಟು ಕುಲುಮೆ ಉಳಿಸಿಕೊಳ್ಳುವ ಮಾತಾಡಬೇಕಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ನೀರು. ಊದುಮೂತಿ ತಾಮ್ರದ್ದು, ಒಳಗೆ ತಂಪು ನೀರು ಹರಿಯುತ್ತಿರುತ್ತದೆ. ಅದರ ಮೇಲೆ ಕಬ್ಬಿಣ ತೊಟ್ಟಿಕ್ಕಿ ತೂತಾದರೆ ನೀರು ಕುಲುಮೆಯೊಳಕ್ಕೆ ಸೋರುತ್ತದೆ. ಸೋರಿಕೆ ಗಮನಕ್ಕೆ ಬರುವುದು ತಡವಾದರೆ, ಅದರಲ್ಲೂ ಗಾಳಿ ನಿಂತಿದ್ದಾಗ ಸೋರಿದರೆ, ತಳದಲ್ಲಿರುವ ಕಬ್ಬಿಣವೂ ಕಿಟ್ಟವೂ (ಅದಿರಿನ ಕಲ್ಮಶ ಕರಗಿ ಆದ ದ್ರವ) ಹೆಪ್ಪುಗಟ್ಟುತ್ತವೆ. ಆಗ ಕಬ್ಬಿಣ ಹೊರಬಿಡುವ ರಂಧ್ರದ ಪಕ್ಕದ ಒಂದೆರಡು ಮೂತಿಗಳನ್ನು ಮಾತ್ರ ತೆರೆದು, ಆಮ್ಲಜನಕದ ಸಲಾಕೆಯಿಂದ ಸುಟ್ಟು ರಂಧ್ರಕ್ಕೂ ಮೂತಿಗೂ ನಡುವೆ ಒಂದು ದಾರಿ ಮಾಡಬೇಕು. ಆ ದಾರಿಯಲ್ಲಿ ದ್ರವ ಹರಿಯಲು ಶುರುವಾದ ಮೇಲೆ ಪಕ್ಕದ ಮೂತಿ, ಅದಾದ ಮೇಲೆ ಮತ್ತೊಂದು. ಅವಸರ ಮಾಡಿ ಒಟ್ಟಿಗೆ ನಾಲ್ಕು ತೆರೆದರೆ, ಕರಗಿದ ಕಬ್ಬಿಣಕ್ಕೆ ಹೊರಹೋಗಲು ದಾರಿ ಸಾಲದೆ ಅದು ಮೂತಿಗಳೊಳಕ್ಕೇ ಏರುತ್ತದೆ. ಇಡೀ ಕೆಲಸಕ್ಕೆ ವಾರಗಳು ಹಿಡಿಯುತ್ತವೆ.

ಇಂಥ ಪ್ರಾಣಿಗೆ ಬೇಕಾದದ್ದು ಉತ್ತಮ ಊಟಕ್ಕಿಂತ ಹೆಚ್ಚಾಗಿ ಒಂದೇ ಸಮನಾದ ಊಟ. ಇವತ್ತು ಶೇ. 65 ಕಬ್ಬಿಣಾಂಶದ ಅದಿರು, ನಾಳೆ ಶೇ. 58ರದು ಎಂದರೆ ಕೋಕ್‌ನ ಲೆಕ್ಕ, ಕಿಟ್ಟದ ಲೆಕ್ಕ ಎರಡೂ ತಪ್ಪುತ್ತವೆ. ಅಲ್ಯುಮಿನಾ ಜಾಸ್ತಿಯಾದರೆ ಕಿಟ್ಟ ಅಂಟಾಗಿ ಹರಿಯುವುದಿಲ್ಲ. ಸತು ಮತ್ತು ಕ್ಷಾರಗಳು ಕೆಳಗೆ ಆವಿಯಾಗಿ ಮೇಲೆ ಹೋಗಿ, ತಂಪಿನಲ್ಲಿ ಗೋಡೆಗೆ ಅಂಟಿ ಗಡ್ಡೆಗಟ್ಟುತ್ತವೆ. ರಂಜಕದ ವಿಷಯ ಇನ್ನೂ ನೇರ: ಬ್ಲಾಸ್ಟ್ ಫರ್ನೇಸ್ ಅದನ್ನು ತೆಗೆಯಲಾರದು, ಅದಿರಿನಲ್ಲಿದ್ದ ರಂಜಕ ಹೆಚ್ಚು ಕಡಿಮೆ ಪೂರ್ತಿ ಕಬ್ಬಿಣಕ್ಕೆ ಇಳಿಯುತ್ತದೆ. ಮುಂದೆ ಉಕ್ಕು ಮಾಡುವಾಗ ಸುಣ್ಣ ಸುರಿದು ತೆಗೆಯಬೇಕು.

ಗಣಿಯಿಂದ ರೇವಿಗೆ

ಹಾಗಾಗಿ ಗಣಿಯ ಮುಖ್ಯ ಕೆಲಸ ಅಗೆಯುವುದಲ್ಲ, ಬೆರೆಸುವುದು ಎಂದರೂ ತಪ್ಪಿಲ್ಲ. ಸ್ಫೋಟಕ್ಕೆ ಕೊರೆದ ಪ್ರತಿ ಕುಳಿಯ ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಮೂಲೆಯಲ್ಲಿ ಸಿಲಿಕಾ ಎಷ್ಟು, ರಂಜಕ ಎಷ್ಟು ಎಂದು ನಕ್ಷೆ ಮಾಡುತ್ತಾರೆ. ಯಾವ ಶವಲ್‌ನಿಂದ ಎಷ್ಟು ಟ್ರಕ್ ಎಂಬುದು ಆ ನಕ್ಷೆಯ ಮೇಲೆ ನಿಂತಿದೆ. ಆಮೇಲೆ ರಾಶಿ. ಸ್ಟ್ಯಾಕರ್ ಯಂತ್ರ ಉದ್ದಕ್ಕೂ ಹಿಂದೆ ಮುಂದೆ ಓಡಾಡುತ್ತ ತೆಳ್ಳಗೆ ನೂರಾರು ಪದರ ಹಾಸುತ್ತದೆ. ತೆಗೆಯುವಾಗ ರಿಕ್ಲೇಮರ್ ಅಡ್ಡಡ್ಡಕ್ಕೆ ಕೊಯ್ಯುತ್ತದೆ. ಪ್ರತಿ ಬಾಚಿನಲ್ಲೂ ಎಲ್ಲ ಪದರಗಳ ತುಣುಕು ಬರುತ್ತದೆ. ಉದ್ದಕ್ಕೆ ಹಾಸಿ ಉದ್ದಕ್ಕೇ ತೆಗೆದರೆ ಬೆರೆಸಿದಂತಾಗುವುದಿಲ್ಲ. ಇಷ್ಟು ಸರಳ ವಿಷಯವೂ ರೇವಿನಲ್ಲಿ ಹಡಗು ಕಾಯುತ್ತಿರುವಾಗ ಮರೆತುಹೋಗುತ್ತದೆ. ಅರ್ಧ ಕಟ್ಟಿದ ರಾಶಿಯಿಂದಲೇ ತುಂಬಿಸುತ್ತಾರೆ, ಆರು ವಾರ ಕಳೆದ ಮೇಲೆ ಮತ್ತೊಂದು ಖಂಡದಲ್ಲಿ ಕುಲುಮೆ ನೇತಾಡುತ್ತದೆ.

ಕೆನಡಾದ ಕ್ವಿಬೆಕ್‌ನಲ್ಲಿ ಆರ್ಸೆಲರ್ ಮಿತ್ತಲ್‌ಗೆ ಮಾಂಟ್-ರೈಟ್ ಗಣಿ ಇದೆ. ನೆಲದಲ್ಲಿರುವ ಅದಿರಿನಲ್ಲಿ ಕಬ್ಬಿಣ ಶೇ. 30ರ ಆಸುಪಾಸು. ಅದನ್ನು ಅರೆದು, ನೀರಿನೊಂದಿಗೆ ಸುರುಳಿ ಜಾರುಬಂಡೆಗಳಲ್ಲಿ ಇಳಿಸುತ್ತಾರೆ. ಭಾರದ ಕಬ್ಬಿಣದ ಕಣ ಒಳಬದಿಗೆ, ಹಗುರ ಮರಳು ಹೊರಬದಿಗೆ ಸರಿದು, ಶೇ. 66ರ ಹತ್ತಿರದ ಸಾರ ಸಿಗುತ್ತದೆ. ಒಂದು ಟನ್ ಸಾರಕ್ಕೆ ಎರಡೂವರೆಯಿಂದ ಮೂರು ಟನ್ ಕಲ್ಲು ಅರೆಯಬೇಕು, ಉಳಿದದ್ದೆಲ್ಲ ಒದ್ದೆ ಮರಳು. ಸಾರ ಸುಮಾರು 420 ಕಿ.ಮೀ. ರೈಲಿನಲ್ಲಿ ಪೋರ್ಟ್-ಕಾರ್ಟಿಯರ್ ರೇವಿಗೆ ಹೋಗುತ್ತದೆ. ಅಲ್ಲೇ ಪೆಲೆಟ್ ಕಾರ್ಖಾನೆಯೂ ಇದೆ. ರೈಲು, ರೇವು, ಪೆಲೆಟ್ ಘಟಕ ಮೂರೂ ಕಂಪನಿಯದೇ. ಗಣಿ ಕೊಂಡೆವು ಎಂದರೆ ಸಾಲದು, ನೀರಿನ ತನಕ ದಾರಿಯೂ ಕೈಯಲ್ಲಿರಬೇಕು. ಲೈಬೀರಿಯಾದಲ್ಲಿ 2005ರಲ್ಲಿ ಒಪ್ಪಂದವಾದಾಗ ಅದಿರು ಬೆಟ್ಟದಲ್ಲಿ ಸಿದ್ಧವಾಗಿತ್ತು. ಆದರೆ ಅಂತರ್ಯುದ್ಧದಲ್ಲಿ ಹಾಳಾದ, ಯೆಕೆಪಾದಿಂದ ಬುಕಾನನ್ ರೇವಿನವರೆಗಿನ 240 ಕಿ.ಮೀ.ಗೂ ಹೆಚ್ಚು ಉದ್ದದ ಹಳಿಯನ್ನು ಸರಿಪಡಿಸಿ ಮೊದಲ ಹಡಗು ಹೊರಡುವ ಹೊತ್ತಿಗೆ 2011 ಆಗಿತ್ತು. 2014ರಲ್ಲಿ ಎಬೋಲಾ ಬಂದು ವಿಸ್ತರಣೆಯ ಗುತ್ತಿಗೆದಾರರು ಕೆಲಸ ಬಿಟ್ಟು ಹೋದರು.

ಒದ್ದೆ ಮರಳಿನ ಮಾತು ಬಂತಲ್ಲ, ಗಣಿ ವ್ಯವಹಾರದಲ್ಲಿ ಅತಿ ದೊಡ್ಡ ಅಪಾಯ ಅಲ್ಲಿದೆ. ಮರಳು-ಕೆಸರನ್ನು ಕಟ್ಟೆಯ ಹಿಂದೆ ತುಂಬುತ್ತಾರೆ. ಕಟ್ಟೆ ಎತ್ತರಿಸಬೇಕಾದಾಗ, ಒಳಗೆ ಒಣಗಿದ ಕೆಸರಿನ ಮೇಲೆಯೇ ಮುಂದಿನ ಕಟ್ಟೆ ಕಟ್ಟುವುದು ಅಗ್ಗದ ವಿಧಾನ. ಒಳಗೆ ನೀರು ಉಳಿದಿದ್ದರೆ ಅಡಿಪಾಯವೇ ದ್ರವವಾಗಿ ಹರಿಯಬಲ್ಲದು. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ವಾಲೆ ಕಂಪನಿಯ ಅಂಥ ಕಟ್ಟೆ ಒಡೆದು 270 ಜನ ಸತ್ತರು. ಎರಡು ವಾರದೊಳಗೆ, ಅದೇ ರಾಜ್ಯದ ಇಟಾಟಿಯಾಯುಸುವಿನಲ್ಲಿರುವ ಆರ್ಸೆಲರ್ ಮಿತ್ತಲ್‌ನ ಸೆರ್ರಾ ಅಜುಲ್ ಗಣಿಯ ಕಟ್ಟೆಯ ಕೆಳಗಿದ್ದ ಜನರನ್ನೂ ಮುನ್ನೆಚ್ಚರಿಕೆಯಾಗಿ ತೆರವು ಮಾಡಿಸಬೇಕಾಯಿತು.

ಹಡಗಿನಲ್ಲಿ ನೀರಿನ ತೊಂದರೆ ಬೇರೆ ರೂಪ ತಾಳುತ್ತದೆ. ಸಣ್ಣ ಪುಡಿಯ ಅದಿರಿನಲ್ಲಿ ತೇವ ಒಂದು ಮಿತಿ ದಾಟಿದರೆ, ಎಂಜಿನ್ ಅದುರುವಿಕೆಗೂ ಅಲೆಗಳ ಹೊಡೆತಕ್ಕೂ ಕಣಗಳು ಒತ್ತರಿಸಿ, ನಡುವಿನ ನೀರಿಗೆ ಜಾಗವಿಲ್ಲದಂತಾಗಿ, ಗಟ್ಟಿ ರಾಶಿ ಗಂಜಿಯಾಗುತ್ತದೆ. ಗಂಜಿ ಒಂದು ಬದಿಗೆ ವಾಲಿದರೆ ಮರಳಿ ಬರುವುದಿಲ್ಲ, ಹಡಗು ಮಗುಚುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ನಿಯಮದಂತೆ ಇಂಥ ಪ್ರತಿ ಸರಕಿಗೂ ಸಾಗಣೆಯ ತೇವಮಿತಿಯ ಪ್ರಮಾಣಪತ್ರ ಬೇಕು. ಪ್ರಯೋಗಾಲಯದ ಕಾಗದದ ಮೇಲೆ ನಂಬಿಕೆ ಬಾರದ ಕ್ಯಾಪ್ಟನ್ ರೇವಿನಲ್ಲೇ ಮಾಡುವ ಪರೀಕ್ಷೆಯೊಂದಿದೆ. ಅರ್ಧದಿಂದ ಒಂದು ಲೀಟರಿನ ತಗಡಿನ ಡಬ್ಬಿಗೆ ಅರ್ಧದವರೆಗೆ ಅದಿರು ತುಂಬಿ, ಸುಮಾರು 20 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಒಂದೆರಡು ಸೆಕೆಂಡಿಗೊಮ್ಮೆ 25 ಸಲ ಕುಟ್ಟುವುದು. ಮೇಲೆ ನೀರು ಮಿನುಗಿದರೆ, ಅಥವಾ ಪುಡಿ ಮೆತ್ತಗಾಗಿ ಹರಿಯುವಂತೆ ಕಂಡರೆ, ತುಂಬಿಸುವುದು ನಿಲ್ಲಿಸಿ ಮತ್ತೆ ಪ್ರಯೋಗಾಲಯದ ಪರೀಕ್ಷೆ. ಮೇಲೆ ಒಣಗಿದ್ದರೆ ಸರಕು ಸುರಕ್ಷಿತ ಎಂದು ಈ ಪರೀಕ್ಷೆ ಹೇಳುವುದಿಲ್ಲ; ಕೆಟ್ಟದ್ದನ್ನು ಹಿಡಿಯಬಲ್ಲದು, ಒಳ್ಳೆಯದಕ್ಕೆ ಜಾಮೀನು ನಿಲ್ಲದು. ಮಳೆಗಾಲದ ರೇವುಗಳಲ್ಲಿ ಇದರಿಂದ ಹಡಗುಗಳು ದಿನಗಟ್ಟಲೆ ನಿಂತು ದಂಡದ ಬಾಡಿಗೆ ಏರುತ್ತದೆ. ಆ ಒತ್ತಡದಲ್ಲಿ ಡಬ್ಬಿ ಕುಟ್ಟುವುದನ್ನು ಬಿಟ್ಟವರೂ ಉಂಟು.

ತೇವಕ್ಕೆ ಹಣದ ಲೆಕ್ಕವೂ ಇದೆ. ಅದಿರಿನ ಬೆಲೆ ಒಣ ಟನ್ನಿಗೆ, ಹಡಗಿನ ಬಾಡಿಗೆ ಒದ್ದೆ ಟನ್ನಿಗೆ. 1,70,000 ಟನ್ ಸರಕಿನಲ್ಲಿ ಶೇ. 8 ತೇವ ಎಂದರೆ 13,600 ಟನ್ ನೀರು. ಟನ್ನಿಗೆ 20 ಡಾಲರ್ ಬಾಡಿಗೆ ಎಂದಿಟ್ಟುಕೊಳ್ಳಿ. 2,72,000 ಡಾಲರ್ ಕೊಟ್ಟು ಸಮುದ್ರದ ಮೇಲೆ ನೀರು ಸಾಗಿಸಿದಂತಾಯಿತು.

ಬೆಲೆ ಎಲ್ಲಿ ಹುಟ್ಟುತ್ತದೆ

2010ರವರೆಗೆ ಅದಿರಿನ ಬೆಲೆ ವರ್ಷಕ್ಕೊಮ್ಮೆ ನಿಗದಿಯಾಗುತ್ತಿತ್ತು. ದೊಡ್ಡ ಗಣಿಯವರು, ದೊಡ್ಡ ಉಕ್ಕಿನವರು ಕೂತು ಒಂದು ದರ ಒಪ್ಪಿಕೊಂಡರೆ ಉಳಿದವರು ಅದನ್ನೇ ಅನುಸರಿಸುತ್ತಿದ್ದರು. ಆ ಪದ್ಧತಿ ಮುರಿದ ಮೇಲೆ ಶೇ. 62 ಕಬ್ಬಿಣಾಂಶದ ಪುಡಿಗೆ ಚೀನಾದ ರೇವಿನಲ್ಲಿ ದಿನದಿನದ ಸೂಚ್ಯಂಕವೇ ಆಧಾರವಾಯಿತು. ಹೆಚ್ಚು ಕಬ್ಬಿಣವಿದ್ದರೆ ಮೇಲಿಷ್ಟು, ಸಿಲಿಕಾ-ಅಲ್ಯುಮಿನಾ-ರಂಜಕಕ್ಕೆ ಕಡಿತ. ಬ್ರುಮಾಡಿನ್ಯೊ ದುರಂತದ ನಂತರ 2019ರ ಜುಲೈ ಹೊತ್ತಿಗೆ ಅದು 75 ಡಾಲರಿನ ಮಟ್ಟದಿಂದ 120 ದಾಟಿತು. ಕಲ್ಲಿದ್ದಲಿನದು ಇನ್ನೂ ಚಂಚಲ. ಒಳ್ಳೆಯ ಕೋಕಿಂಗ್ ಕಲ್ಲಿದ್ದಲಿನ ಸಮುದ್ರ ವ್ಯಾಪಾರದ ಬಹುಪಾಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಒಂದರಿಂದಲೇ ಬರುತ್ತದೆ. 2017ರ ಮಾರ್ಚ್ ಕೊನೆಯಲ್ಲಿ ಡೆಬಿ ಚಂಡಮಾರುತ ಅಲ್ಲಿನ ರೈಲು ಹಳಿ ಮುರಿದಾಗ ಬೆಲೆ ಕೆಲವೇ ದಿನಗಳಲ್ಲಿ ಸುಮಾರು ಇಮ್ಮಡಿಯಾಯಿತು.

ಒಂದು ಟನ್ ಕಬ್ಬಿಣದ ಸರಕಿನ ಲೆಕ್ಕ ಹಾಕಿ ನೋಡಿ. ಅದಿರು 100 ಡಾಲರ್ ಇದ್ದರೆ 1.6 ಟನ್ನಿಗೆ 160. 330 ಕೆಜಿ ಕೋಕ್ ಮಾಡಲು ಸುಮಾರು 450 ಕೆಜಿ ಕೋಕಿಂಗ್ ಕಲ್ಲಿದ್ದಲು ಬೇಕು. 200 ಡಾಲರ್ ದರದಲ್ಲಿ 90. ಕಲ್ಲಿದ್ದಲ ಬೆಲೆ ಇಮ್ಮಡಿಯಾದರೆ ಟನ್ನಿಗೆ 90 ಡಾಲರ್ ಹೆಚ್ಚು ಖರ್ಚು. ಸಾಧಾರಣ ವರ್ಷದಲ್ಲಿ ಟನ್ನಿನ ಮೇಲೆ ಉಳಿಯುವುದೇ ಹೆಚ್ಚು ಕಡಿಮೆ ಅಷ್ಟು.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಅದಿರು ಕೊಂಡ ದಿನಕ್ಕೂ ತಗಡು ಮಾರಿ ಹಣ ಕೈಗೆ ಬರುವ ದಿನಕ್ಕೂ ನಡುವೆ ನಾಲ್ಕೈದು ತಿಂಗಳಿರುತ್ತದೆ: ಹಡಗಿನಲ್ಲಿ ಕೆಲವು ವಾರ, ಅಂಗಳದಲ್ಲಿ ಒಂದು ತಿಂಗಳು, ಕಾರ್ಖಾನೆಯೊಳಗೆ ಒಂದು ತಿಂಗಳು, ಗಿರಾಕಿಯ ಸಾಲದ ಅವಧಿ ಒಂದೆರಡು ತಿಂಗಳು. ಬೆಲೆ ಇಳಿಯುವ ಕಾಲದಲ್ಲಿ ಹಳೆಯ ದುಬಾರಿ ಅದಿರಿನಿಂದ ಹೊಸ ಅಗ್ಗದ ಉಕ್ಕು ಮಾರಬೇಕು. ಏರುವ ಕಾಲದಲ್ಲಿ ಇದು ತಿರುಗುಮುರುಗು. ಅಂಗಳದ ರಾಶಿಯೇ ಲಾಭ ತಂದುಕೊಡುತ್ತದೆ. ಇದೇ ಕಂಪನಿ 2015ರಲ್ಲಿ 790 ಕೋಟಿ ಡಾಲರ್ ನಷ್ಟವನ್ನೂ 2021ರಲ್ಲಿ ಸುಮಾರು 1,500 ಕೋಟಿ ಡಾಲರ್ ಲಾಭವನ್ನೂ ತೋರಿಸಿತು. ನಷ್ಟದಲ್ಲಿ ಗಣಿ-ಕಾರ್ಖಾನೆಗಳ ಪುಸ್ತಕದ ಮೌಲ್ಯ ಇಳಿಸಿದ್ದು ದೊಡ್ಡ ಪಾಲು. ಆ ಆರು ವರ್ಷಗಳಲ್ಲಿ ಕುಲುಮೆಗಳು ತಿನ್ನುವ ಊಟವೇನೂ ಬದಲಾಗಿರಲಿಲ್ಲ.

ಸ್ವಂತ ಗಣಿ ಇದ್ದರೆ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬರುತ್ತದೆ ಎಂಬುದು ಲೆಕ್ಕಾಚಾರ. ಅರ್ಧ ಸತ್ಯ ಅದು. ಅದಿರಿನ ಬೆಲೆ ಏರಿದರೆ ಗಣಿ ವಿಭಾಗ ಗಳಿಸುತ್ತದೆ, ನಿಜ. ಆದರೆ ಉಕ್ಕಿನ ಬೇಡಿಕೆ ಬಿದ್ದಾಗ ಅದಿರೂ ಜೊತೆಗೇ ಬೀಳುತ್ತದೆ, ಎರಡೂ ಕಡೆ ಪೆಟ್ಟು. 2015ರಲ್ಲಿ ಆದದ್ದು ಅದೇ. ಗಣಿಯಿಂದ ಖಚಿತವಾಗಿ ಸಿಗುವ ಲಾಭ ಬೇರೆಯದು: ಗೊತ್ತಿರುವ ಅದಿರು, ಗೊತ್ತಿರುವ ಗುಣ, ಸರದಿಯಲ್ಲಿ ಬರುವ ಹಡಗು.

ಕಾರ್ಖಾನೆಯ ಗಡಿಯಾರ

ಕುಲುಮೆಯಿಂದ ಮುಂದಿನದು ನಿಮಿಷಗಳ ಆಟ. 1,500 ಡಿಗ್ರಿ ಸುಮಾರಿನ ಕಬ್ಬಿಣ ಟಾರ್ಪಿಡೊ ಎಂಬ ಉದ್ದನೆಯ ರೈಲು ಪಾತ್ರೆಯಲ್ಲಿ, ಕಬ್ಬಿಣವನ್ನು ಉಕ್ಕು ಮಾಡುವ ಕನ್ವರ್ಟರ್‌ಗೆ ಬರುತ್ತದೆ. ಅದರಲ್ಲಿ ಇಂಗಾಲ ಶೇ. 4ಕ್ಕೂ ಹೆಚ್ಚು. ಐದನೇ ಒಂದು ಭಾಗದಷ್ಟು ಗುಜರಿ ಸೇರಿಸಿ, 16ರಿಂದ 20 ನಿಮಿಷ ಶುದ್ಧ ಆಮ್ಲಜನಕ ಊದಿದರೆ ಇಂಗಾಲ ಸುಟ್ಟು 250-300 ಟನ್ ಉಕ್ಕು ಸಿದ್ಧ. ಅದನ್ನು ಲೇಡಲ್ ಎಂಬ ದೊಡ್ಡ ಪಾತ್ರೆಯಲ್ಲಿ ಹದ ಮಾಡಿ ಎರಕದ ಯಂತ್ರಕ್ಕೆ ಕಳಿಸಬೇಕು. ಎರಕದ ಯಂತ್ರ ಒಂದರ ಹಿಂದೆ ಒಂದು ಲೇಡಲ್ ಬಯಸುತ್ತದೆ. ಮುಂದಿನದು ಹತ್ತು ನಿಮಿಷ ತಡವಾದರೆ ವೇಗ ತಗ್ಗಿಸುತ್ತಾರೆ, ಇನ್ನೂ ತಡವಾದರೆ ಸರಪಳಿ ಕಡಿದು ಹೋಗುತ್ತದೆ, ಹೊಸ ಟಂಡಿಶ್ (ಲೇಡಲ್‌ಗೂ ಅಚ್ಚಿಗೂ ನಡುವಿನ ತೊಟ್ಟಿ) ಕಾಯಿಸಿ ಮತ್ತೆ ಶುರು. ಅವಸರಕ್ಕೆ ವೇಗ ಹೆಚ್ಚಿಸಿದರೆ ಅಚ್ಚಿನಿಂದ ಹೊರಬರುವ ಹಲಗೆಯ ಹೊರಚರ್ಮ ತೆಳ್ಳಗಿರುತ್ತದೆ. ಅದು ಒಂದು ಕಡೆ ಅಚ್ಚಿಗೆ ಅಂಟಿ ಹರಿದರೆ ಒಳಗಿನ ದ್ರವ ಉಕ್ಕು ಕೆಳಗಿನ ರೋಲರುಗಳ ಮೇಲೆ ಸುರಿಯುತ್ತದೆ. ಆ ಗಟ್ಟಿಯನ್ನು ಕತ್ತರಿಸಿ ತೆಗೆದು, ಭಾಗಗಳನ್ನು ಬದಲಿಸಿ ಮತ್ತೆ ಎರಕ ಹಿಡಿಯಲು ಒಂದು ದಿನವಾದರೂ ಬೇಕು. ಇದನ್ನು ಮುಂಚೆಯೇ ಹಿಡಿಯಲು ಅಚ್ಚಿನ ತಾಮ್ರದ ಗೋಡೆಯೊಳಗೆ ಸಾಲಾಗಿ ತಾಪಮಾಪಕಗಳಿರುತ್ತವೆ. ಮೇಲಿನ ಸಾಲು ಬಿಸಿಯಾಗಿ, ಆ ಬಿಸಿ ಕೆಳಗಿನ ಸಾಲಿಗೆ ಇಳಿಯುತ್ತಿರುವುದು ಕಂಡರೆ ಯಂತ್ರ ತಾನೇ ನಿಧಾನಿಸುತ್ತದೆ.

ಹಲಗೆಯನ್ನು 1,200 ಡಿಗ್ರಿಗೂ ಮೇಲೆ ಕಾಯಿಸಿ ಲಟ್ಟಿಸುವಾಗ ಇನ್ನೊಂದು ನಿರ್ಬಂಧ. ತಗಡಿನ ಅಂಚು ರೋಲಿನ ಮೇಲೆ ಗೀರು ಮಾಡುತ್ತದೆ. ಆ ಗೀರಿನ ಮೇಲೆ ಅಗಲದ ತಗಡು ಹಾಯ್ದರೆ ಗುರುತು ಬೀಳುತ್ತದೆ. ಹಾಗಾಗಿ ಹೊಸ ರೋಲು ಹಾಕಿದಾಗ ಮೊದಲು ಕೆಲವು ಕಿರಿದಾದವು, ರೋಲು ಬಿಸಿಯಾದ ಮೇಲೆ ಅತಿ ಅಗಲದವು, ಅಲ್ಲಿಂದ ಕ್ರಮವಾಗಿ ಕಿರಿದಾಗುತ್ತ ಹೋಗಬೇಕು. ಕಾಗದದ ಮೇಲೆ ಬರೆದರೆ ಶವಪೆಟ್ಟಿಗೆಯ ಆಕಾರ ಬರುತ್ತದೆ, ಹೆಸರೂ ಅದೇ. ಗಿರಾಕಿಗೆ ತುರ್ತು ಇದೆಯೆಂದು ಕೊನೆಯಲ್ಲಿ ಒಂದು ಅಗಲದ ಸುರುಳಿ ತೂರಿಸಲು ಮಾರಾಟ ವಿಭಾಗ ಯಾವಾಗಲೂ ಒತ್ತಾಯಿಸುತ್ತಿರುತ್ತದೆ.

ಯಾರು ಏನು ನಿರ್ಧರಿಸುತ್ತಾರೆ

ಇಂಥ ಕಾರ್ಖಾನೆ ಹತ್ತಾರು ದೇಶಗಳಲ್ಲಿದ್ದರೆ ಮೇಲಿನವರು ಏನು ಮಾಡಬೇಕು? ನಿಮಿಷಗಳ ನಿರ್ಧಾರ ಸ್ಥಳದಲ್ಲೇ. ಲಕ್ಸೆಂಬರ್ಗ್‌ನಿಂದ ಯಾರೂ ಕುಲುಮೆ ನಡೆಸಲಾರರು. ಕೇಂದ್ರದ ಕೈಯಲ್ಲಿರುವುದು ಮುಖ್ಯವಾಗಿ ಮೂರು. ಬಂಡವಾಳ ಎಲ್ಲಿಗೆ ಎಂಬುದು ಒಂದು. ಕಲ್ಲಿದ್ದಲು, ಸತು, ಮಿಶ್ರಲೋಹ, ಅಗ್ನಿ ಇಟ್ಟಿಗೆಯಂಥ ದೊಡ್ಡ ಖರೀದಿಗಳನ್ನು ಒಟ್ಟಿಗೆ ಕುದುರಿಸುವುದು ಇನ್ನೊಂದು. ಮೂರನೆಯದು ಹೋಲಿಕೆ: ಪ್ರತಿ ಕುಲುಮೆಯ ಕೋಕ್ ಬಳಕೆ, ನಿಂತ ಗಂಟೆ, ಹಾಳಾದ ಉಕ್ಕು ಒಂದೇ ನಮೂನೆಯಲ್ಲಿ ಬರೆದು ಪಕ್ಕಪಕ್ಕ ಇಡುವುದು. ಪಕ್ಕದ ದೇಶದ ಘಟಕ 20 ಕೆಜಿ ಕಡಿಮೆ ಕೋಕ್‌ನಲ್ಲಿ ಮುಗಿಸುತ್ತಿದ್ದರೆ ನಿಮ್ಮಲ್ಲಿ ಯಾಕಾಗದು ಎಂಬ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಗುತ್ತದೆ.

ಈ ಕಂಪನಿಯನ್ನು ಕಟ್ಟಿದ ಲಕ್ಷ್ಮೀ ಮಿತ್ತಲ್ ಬೆಳೆದ ದಾರಿ ಇದೇ ಹೋಲಿಕೆಯದು. 1976ರಲ್ಲಿ ಇಂಡೋನೇಷ್ಯಾದ ಸುರಬಯ ಹತ್ತಿರ ಸಣ್ಣ ಕಾರ್ಖಾನೆಯಿಂದ ಹೊರಟು, 1989ರಲ್ಲಿ ಟ್ರಿನಿಡಾಡ್, 1992ರಲ್ಲಿ ಮೆಕ್ಸಿಕೊ, 1995ರಲ್ಲಿ ಕಜಕಸ್ತಾನದ ತೆಮಿರ್ತಾವ್, 2001ರಲ್ಲಿ ರೊಮೇನಿಯಾದ ಗಲಾಟ್ಸ್ ಎಂದು ಸರ್ಕಾರಗಳಿಗೆ ಹೊರೆಯಾಗಿದ್ದ ಘಟಕಗಳನ್ನು ಹೊಸದು ಕಟ್ಟುವ ಖರ್ಚಿನ ಸಣ್ಣ ಪಾಲಿಗೆ ಪಡೆದರು. ಕೆಲವಕ್ಕೆ ಗಣಿಯೂ ಜೊತೆಗೇ ಬಂತು. ಉಕ್ರೇನಿನ ಕ್ರಿವೊರಿಜ್‌ಸ್ತಾಲ್ ಮಾತ್ರ ಅಗ್ಗವಾಗಿರಲಿಲ್ಲ. 2004ರಲ್ಲಿ ಸುಮಾರು 80 ಕೋಟಿ ಡಾಲರಿಗೆ ಸ್ಥಳೀಯ ಸಿರಿವಂತರ ಕೈ ಸೇರಿದ್ದ ಮಾರಾಟ ರದ್ದಾಗಿ, 2005ರ ಅಕ್ಟೋಬರ್‌ನಲ್ಲಿ ಟಿವಿ ನೇರಪ್ರಸಾರದ ಹರಾಜಿನಲ್ಲಿ 480 ಕೋಟಿ ಡಾಲರಿಗೆ ಮಿತ್ತಲ್ ಪಾಲಾಯಿತು. ಮರುವರ್ಷ ಯುರೋಪಿನ ಉಕ್ಕಿನ ಕಂಪನಿ ಆರ್ಸೆಲರ್ ಜೊತೆ ವಿಲೀನ. ಪೂರ್ವದ ಗಣಿ, ಅಗ್ಗದ ಹಲಗೆ ಒಂದು ಕಡೆಯಿಂದ. ಪಶ್ಚಿಮದ ಕಾರು ತಗಡಿನ ಪರಿಣತಿ ಇನ್ನೊಂದು ಕಡೆಯಿಂದ.

ಅಷ್ಟೆಲ್ಲ ಕಾರ್ಖಾನೆ ಇದ್ದರೂ ಒಂದರ ಆರ್ಡರ್ ಇನ್ನೊಂದಕ್ಕೆ ವರ್ಗಾಯಿಸುವುದು ಸುಲಭವಲ್ಲ. ಕಾರು ಕಂಪನಿ ಒಂದು ಜಾತಿಯ ಉಕ್ಕನ್ನು ಒಪ್ಪುವಾಗ ಕಾರ್ಖಾನೆಯನ್ನೂ ಲೈನನ್ನೂ ಹೆಸರಿಸಿ ಒಪ್ಪುತ್ತದೆ. ಒತ್ತಿ ನೋಡಿ, ಬೆಸೆದು ನೋಡಿ, ಅಪಘಾತ ಪರೀಕ್ಷೆಯಾಗಿ ಮುಗಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು. ಯೂಸಿಬೋರ್ ಎಂಬ ಲೇಪಿತ ಉಕ್ಕನ್ನೇ ನೋಡಿ. 900 ಡಿಗ್ರಿಗೆ ಕಾಯಿಸಿ, ತಣ್ಣನೆಯ ಅಚ್ಚಿನಲ್ಲೇ ಒತ್ತಿ ಹದಗೊಳಿಸಿದರೆ 1,500 ಮೆಗಾಪಾಸ್ಕಲ್ ಬಲ ಬರುತ್ತದೆ. ಬಾಗಿಲ ಕಂಬಗಳಿಗೆ ಹೋಗುವ ಇಂಥ ಭಾಗಕ್ಕೆ ಬೇರೆ ಲೈನಿನ ಸುರುಳಿ ಕಳಿಸಿ ಸುಮ್ಮನಿರಲಾಗದು.

ಕುಲುಮೆ ನಿಲ್ಲಿಸುವುದೆಂದರೆ ಏನೆಂದು ಆ ಉಕ್ರೇನ್ ಘಟಕವೇ ತೋರಿಸಿತು. ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್ ಮೊದಲ ವಾರ, ಆ ಘಟಕವಿರುವ ಕ್ರಿವಿ ರಿಹ್ ಊರಿನಲ್ಲಿ ಕುಲುಮೆಗಳನ್ನು ಬಿಸಿ ಸಂರಕ್ಷಣೆಗೆ ಇಟ್ಟರು. ಅದಕ್ಕೆ ಕ್ರಮವಿದೆ. ಮೊದಲು ಅದಿರು ತಗ್ಗಿಸಿ ಕೋಕ್ ಹೆಚ್ಚಿಸುತ್ತ ಹೋಗಬೇಕು, ಹೊಟ್ಟೆಯ ತುಂಬ ಹೆಚ್ಚಾಗಿ ಕೋಕೇ ಇರುವಂತೆ. ತಳದ ಕಬ್ಬಿಣ, ಕಿಟ್ಟ ಸಾಧ್ಯವಾದಷ್ಟು ಹೊರತೆಗೆದು, ಗಾಳಿ ನಿಲ್ಲಿಸಿ, ಪ್ರತಿ ಊದುಮೂತಿಗೂ ಜೇಡಿ ತುಂಬಿ ಗಾಳಿ ಸೋರದಂತೆ ಮುಚ್ಚಬೇಕು. ಒಂದು ಬಿರುಕು ಉಳಿದರೂ ಕೋಕ್ ಒಳಗೇ ಉರಿದು, ಮತ್ತೆ ಹೊತ್ತಿಸುವ ದಿನ ಕಾವು ಇರುವುದಿಲ್ಲ. ಏಪ್ರಿಲ್‌ನಲ್ಲಿ ಒಂದು ಕುಲುಮೆ ಮತ್ತೆ ಶುರುವಾಯಿತು. 2023ರ ಜೂನ್‌ನಲ್ಲಿ ಕಖೋವ್ಕಾ ಅಣೆಕಟ್ಟು ಒಡೆದಾಗ ನೀರಿಲ್ಲದೆ ಅಲ್ಲಿ ಉಕ್ಕು ಮಾಡುವುದನ್ನು ಮತ್ತೆ ನಿಲ್ಲಿಸಬೇಕಾಯಿತು.

ಕಜಕಸ್ತಾನದ ಕಥೆ ಬೇರೆ ರೀತಿಯಲ್ಲಿ ಮುಗಿಯಿತು. ಅಗ್ಗಕ್ಕೆ ಸಿಕ್ಕ ಹಳೆಯ ಭೂಗತ ಕಲ್ಲಿದ್ದಲು ಗಣಿಗಳನ್ನು ಸುರಕ್ಷಿತವಾಗಿ ನಡೆಸುವುದು ಅಗ್ಗವಲ್ಲ. ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರ ನಡುವೆ ಇದ್ದಾಗ ಸ್ಫೋಟಿಸುತ್ತದೆ. ಅದನ್ನು ಮುಂಚೆಯೇ ಕೊಳವೆ ಕೊರೆದು ಹೀರಿ ತೆಗೆಯುವ ಕೆಲಸಕ್ಕೆ ವರ್ಷಗಳು ಬೇಕು. 2023ರ ಅಕ್ಟೋಬರ್ 28ರಂದು ಕೊಸ್ಟೆಂಕೊ ಗಣಿಯಲ್ಲಿ 46 ಜನ ಸತ್ತರು. ಡಿಸೆಂಬರ್‌ನಲ್ಲಿ ಕಂಪನಿ ಆ ದೇಶದಿಂದಲೇ ಹೊರಬಂತು.

ಸಭೆಯಿಂದ ಬಂದ ಕೆಲವು ಪ್ರಶ್ನೆಗಳು

*ಸ್ವಂತ ಗಣಿಯ ಅದಿರನ್ನು ಸ್ವಂತ ಕಾರ್ಖಾನೆಗೆ ಯಾವ ಬೆಲೆಗೆ ಕೊಡುತ್ತಾರೆ? ತೆರಿಗೆ ತಪ್ಪಿಸಲು ಅಲ್ಲಿ ಅವಕಾಶವಿಲ್ಲವೇ?*

ಅವಕಾಶ ಇರುವುದರಿಂದಲೇ ನಿಯಮ ಇದೆ: ಅಪರಿಚಿತನಿಗೆ ಮಾರುವ ಬೆಲೆಗೇ ತಮ್ಮವರಿಗೂ ಮಾರಬೇಕು. ಸೂಚ್ಯಂಕ ಇರುವ ಪುಡಿ ಅದಿರಿಗೆ ಇದು ಸುಲಭ, ತೆರಿಗೆಯವರು ಅದೇ ದಿನದ ದರ ತೆಗೆದು ನೋಡಬಹುದು. ಜಗಳ ಹುಟ್ಟುವುದು ಸೂಚ್ಯಂಕ ಇಲ್ಲದ ಕಡೆ: ಪೆಲೆಟ್ಟಿನ ಹೆಚ್ಚುವರಿ ದರ, ಬ್ರ್ಯಾಂಡಿನ ಶುಲ್ಕ, ಒಳಸಾಲದ ಬಡ್ಡಿ, ಕೇಂದ್ರ ಕಚೇರಿಯ ಸೇವಾ ವೆಚ್ಚ. ಗಣಿ ರೇವಿನಿಂದ ದೂರ ಇದ್ದು ಒಂದೇ ಕಾರ್ಖಾನೆಗೆ ಕೊಡುತ್ತಿದ್ದರೆ ಹೋಲಿಸಲು ಮಾರುಕಟ್ಟೆಯೇ ಇರುವುದಿಲ್ಲ. ಅಲ್ಲಿ ಖರ್ಚಿನ ಮೇಲಿಷ್ಟು ಎಂದು ಹಾಕುತ್ತಾರೆ.

*ಕಾರ್ಖಾನೆ ಮುಚ್ಚುವಾಗ ಒಳ್ಳೆಯ ಕಾರ್ಮಿಕರು, ಒಳ್ಳೆಯ ಯಂತ್ರ ಇದ್ದರೂ ಮುಚ್ಚುವುದೇಕೆ?*

ಎಷ್ಟೋ ಸಲ ಭೂಗೋಳ. ಫ್ರಾನ್ಸಿನ ಫ್ಲೊರಾಂಜ್ ಕಾರ್ಖಾನೆ ಒಳನಾಡಿನಲ್ಲಿದೆ. ಅಲ್ಲಿ ಹಿಂದೆ ಪಕ್ಕದಲ್ಲೇ ಅದಿರಿತ್ತು, ಅದು ಮುಗಿದ ಮೇಲೆ ಸಮುದ್ರದಿಂದ ಬಂದದ್ದನ್ನು ಮತ್ತೆ ರೈಲಿಗೇರಿಸಬೇಕಾಯಿತು. ಅದೇ ದೇಶದ ಡನ್‌ಕರ್ಕ್, ಫೋಸ್ ಕಾರ್ಖಾನೆಗಳೆರಡೂ ಕಡಲ ತೀರದಲ್ಲಿವೆ, ಹಡಗು ಅಂಗಳಕ್ಕೇ ಇಳಿಸುತ್ತದೆ. ಬೇಡಿಕೆ ಕುಸಿದಾಗ ಮೊದಲು ತಣ್ಣಗಾದದ್ದು ಫ್ಲೊರಾಂಜ್ ಕುಲುಮೆಗಳು. 2012ರಲ್ಲಿ ಫ್ರೆಂಚ್ ಸರ್ಕಾರ ರಾಷ್ಟ್ರೀಕರಣದ ಬೆದರಿಕೆ ಹಾಕಿತು, ಆದರೂ ಅವು ಮತ್ತೆ ಹೊತ್ತಲಿಲ್ಲ. ತಗಡಿಗೆ ಲೇಪ ಹಾಕುವ ಭಾಗ ಉಳಿಯಿತು, ಯಾಕೆಂದರೆ ಕಾರು ಕಂಪನಿಗಳು ಹತ್ತಿರದಲ್ಲಿದ್ದವು.

*ಹೈಡ್ರೋಜನ್‌ನಿಂದ ಉಕ್ಕು ಮಾಡುತ್ತೇವೆ ಎಂದವರು ಹಿಂದೆ ಸರಿದದ್ದೇಕೆ?*

ಬ್ಲಾಸ್ಟ್ ಫರ್ನೇಸ್ ದಾರಿಯಲ್ಲಿ ಟನ್ ಉಕ್ಕಿಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದಿರಿನ ಆಮ್ಲಜನಕವನ್ನು ಹೈಡ್ರೋಜನ್‌ನಿಂದ ಕಿತ್ತರೆ ಟನ್ನಿಗೆ 50ರಿಂದ 55 ಕೆಜಿ ಹೈಡ್ರೋಜನ್ ಬೇಕು. ನೀರು ಸೀಳಿ ಅಷ್ಟು ಪಡೆಯಲು ಮೂರು ಮೆಗಾವ್ಯಾಟ್-ಗಂಟೆಯ ಹತ್ತಿರ ವಿದ್ಯುತ್. ವಿದ್ಯುತ್ ದುಬಾರಿಯಾದ ಕಡೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. 2025ರ ಜೂನ್‌ನಲ್ಲಿ ಜರ್ಮನಿಯ ಬ್ರೆಮೆನ್ ಮತ್ತು ಐಸೆನ್‌ಹ್ಯೂಟನ್‌ಸ್ಟಾಟ್ ಯೋಜನೆಗಳನ್ನು ಆರ್ಸೆಲರ್ ಮಿತ್ತಲ್ ಕೈಬಿಟ್ಟಿತು, 130 ಕೋಟಿ ಯೂರೊ ಸರ್ಕಾರಿ ನೆರವು ಮಂಜೂರಾಗಿದ್ದರೂ. ಕಂಪನಿ ಕೊಟ್ಟ ಕಾರಣ ವಿದ್ಯುತ್ ಬೆಲೆ, ಮಾರುಕಟ್ಟೆ ಎರಡೂ. ಇದರೊಳಗೆ ಸುಳಿಯದ ಇನ್ನೊಂದು ವಿಷಯ ಅದಿರಿನದು: ಆ ವಿಧಾನದಲ್ಲಿ ಕಿಟ್ಟ ಬೇರ್ಪಡಿಸುವ ದ್ರವ ಹಂತವಿಲ್ಲ, ಹಾಗಾಗಿ ಶೇ. 67ರ ಸುಮಾರಿನ ಶುದ್ಧ ಪೆಲೆಟ್ ಬೇಕು. ಅಂಥ ಅದಿರು ಲೋಕದಲ್ಲಿ ಕಡಿಮೆ. ಮಾಂಟ್-ರೈಟ್‌ನಂಥ ಗಣಿಗಳ ಬೆಲೆ ಏರುತ್ತಿರುವುದು ಅದಕ್ಕೇ.

*ಕುಲುಮೆಯ ಆಯಸ್ಸು ಮುಗಿದಾಗ ಹೇಗೆ ಖಾಲಿ ಮಾಡುತ್ತಾರೆ?*

ಮೇಲಿನಿಂದ ಹೊರೆ ಹಾಕುವುದು ನಿಲ್ಲಿಸಿ, ಕೆಳಗೆ ಗಾಳಿ ಊದುತ್ತಲೇ ಒಳಗಿನ ಮಟ್ಟ ಇಳಿಯಲು ಬಿಡುತ್ತಾರೆ. ಹೊರೆಯ ತಂಪು ಇಲ್ಲದ್ದರಿಂದ ಮೇಲಿನ ಅನಿಲ ವಿಪರೀತ ಬಿಸಿಯಾಗುತ್ತದೆ, ಅದಕ್ಕೆ ಮೇಲಿನಿಂದ ನೀರು ಸಿಂಪಡಿಸಬೇಕು. ನೀರು ಹೆಚ್ಚಾದರೆ ಅನಿಲದಲ್ಲಿ ಹೈಡ್ರೋಜನ್ ಏರಿ ಸ್ಫೋಟದ ಭಯ, ಅದನ್ನು ಅಳೆಯುತ್ತಲೇ ಇರಬೇಕು. ಹೊರೆ ಊದುಮೂತಿಯ ಮಟ್ಟಕ್ಕೆ ಬಂದ ಮೇಲೆ ಗಾಳಿ ನಿಲ್ಲುತ್ತದೆ. ಆದರೂ ದಿನನಿತ್ಯದ ರಂಧ್ರಕ್ಕಿಂತ ಕೆಳಗೆ, ಸವೆದ ತಳದ ಗುಂಡಿಯಲ್ಲಿ, ನೂರಾರು ಟನ್ ಕಬ್ಬಿಣ ನಿಂತಿರುತ್ತದೆ. ಅದಕ್ಕೆ ಸಾಲಮ್ಯಾಂಡರ್ ಎನ್ನುತ್ತಾರೆ. ತಳದ ಇಟ್ಟಿಗೆಯೊಳಗಿನ ತಾಪ ನೋಡಿ ಗುಂಡಿ ಎಷ್ಟು ಆಳ ಎಂದು ಅಂದಾಜು ಮಾಡಿ, ಹೊರಗಿನಿಂದ ಓರೆಯಾಗಿ ಮೇಲ್ಮುಖವಾಗಿ ಕೊರೆದು ಅದನ್ನು ಹರಿಸಬೇಕು. ಅಂದಾಜು ತಪ್ಪಿ ರಂಧ್ರ ಒಂದು ಮೀಟರ್ ಮೇಲಕ್ಕೆ ಬಿದ್ದರೆ ಕೆಳಗೆ ಉಳಿದದ್ದು ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಆ ಬಂಡೆಗೆ ರಂಧ್ರ ಕೊರೆದು, ಸ್ಫೋಟಕ ಇಟ್ಟು, ಒಡೆದ ಚೂರುಗಳನ್ನು ಕಿಂಡಿಯಿಂದ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೊಸ ಇಟ್ಟಿಗೆ ಕಟ್ಟುವವರು ಅಷ್ಟು ದಿನ ಹೊರಗೆ ಕಾಯುತ್ತಾರೆ.